ಆಡಿದ್ದು ಕೋಲಾರದಲ್ಲಿ, ತೀರ್ಪು ಸೂರತ್ತಿನಲ್ಲಿ - ಆವನಿ ಕಟ್ಟೆಯ ಮೇಲೆ ಇನ್ನೂ ಮುಗಿಯದ ಪಂಚಾಯ್ತಿ!

ಆವನಿ: ಮಾತಿನ ಬೆಲೆ ಎಷ್ಟೆಂದು ಈ ಊರಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಅಗಸನೊಬ್ಬ ಆಡಿದ ಮಾತು ರಾಜನ ಕಿವಿಗೆ ಬಿತ್ತು, ತುಂಬು ಗರ್ಭಿಣಿ ಸೀತಮ್ಮ ಕಾಡುಪಾಲಾದಳು. ಆ ಕಾಡು ಇದೇ, ವಾಲ್ಮೀಕಿಯ ಆಶ್ರಮ ಇದ್ದದ್ದು ಈ ಬೆಟ್ಟದಲ್ಲೇ, ಲವ ಕುಶರು ಹುಟ್ಟಿದ್ದೂ ಇಲ್ಲೇ ಎನ್ನುವುದು ಆವನಿಯ ಐತಿಹ್ಯ. ಬೆಟ್ಟದ ಕೆಳಗಿನ ರಾಮಲಿಂಗೇಶ್ವರ ಗುಡಿಗಳು ನೊಳಂಬರ ಕಾಲದವು. ಕಥೆ ಅದಕ್ಕೂ ಹಳೆಯದು. ರಾಮ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಶಿವರಾತ್ರಿ ಪರಿಷೆಗೆ ಬಂದವರ ನಡುವೆ ಇಂದಿಗೂ ಎದ್ದೇ ಏಳುತ್ತದೆ.

ಅಂಥ ಊರಿಗೆ ಇನ್ನೊಂದು ಮಾತಿನ ಪಂಚಾಯ್ತಿಯೂ ಗಂಟುಬಿದ್ದಿದೆ. ಇದು ತ್ರೇತಾಯುಗದ್ದಲ್ಲ, 2019ರದು. ಆಡಿದವರು ರಾಹುಲ್ ಗಾಂಧಿ. ಆಡಿದ ಜಾಗ ಇದೇ ಜಿಲ್ಲೆಯ ಕೇಂದ್ರ ಕೋಲಾರ.

ಆ ವರ್ಷದ ಏಪ್ರಿಲ್ 13, ಶನಿವಾರ, ಶ್ರೀರಾಮನವಮಿಯ ಹೊತ್ತು. ಲೋಕಸಭೆ ಚುನಾವಣೆಗೆ ಇನ್ನು ಐದೇ ದಿನ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ರಾಹುಲ್ ವೇದಿಕೆ ಹತ್ತಿ ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಎಂದು ಹೆಸರು ಜೋಡಿಸಿದರು. ಈ ಕಳ್ಳರಿಗೆಲ್ಲಾ ಮೋದಿ ಎಂಬ ಹೆಸರೇ ಯಾಕೆ, ಇನ್ನೂ ಹುಡುಕಿದರೆ ಇನ್ನಷ್ಟು ಮೋದಿಗಳು ಸಿಕ್ಕಾರು ಎಂಬರ್ಥದ ಮಾತು ಹಿಂದಿಯಲ್ಲಿ ಹೊರಬಿತ್ತು. ಚುನಾವಣಾ ಭಾಷಣದಲ್ಲಿ ಇಂಥವು ನೂರು ಬರುತ್ತವೆ, ಹೋಗುತ್ತವೆ. ಜನ ಚಪ್ಪಾಳೆ ತಟ್ಟಿ ಬಸ್ಸು ಹಿಡಿಯುತ್ತಾರೆ. ಆದರೆ ಈ ಒಂದು ಮಾತು ಬಸ್ಸಿಗಿಂತ ಮುಂಚೆ ಗುಜರಾತ್ ಸೇರಿತ್ತು. ಸೂರತ್ ಪಶ್ಚಿಮದ ಬಿ.ಜೆ.ಪಿ. ಶಾಸಕ ಪೂರ್ಣೇಶ್ ಮೋದಿಯವರು ಕೆಲವೇ ದಿನಗಳಲ್ಲಿ ಮಾನನಷ್ಟದ ದೂರು ಹಾಕಿದರು.

ನಾಲ್ಕು ವರ್ಷ ಎಳೆದಾಡಿದ ಮೇಲೆ ತೀರ್ಪು ಬಂದದ್ದು 2023ರ ಮಾರ್ಚ್ 23ಕ್ಕೆ. ಅಂದು ಹೊಸತೊಡಕು, ಯುಗಾದಿಯ ಮಾರನೇ ದಿನ. ಹೊಸತೊಡಕಿನ ದಿನ ಏನು ಆಗುತ್ತೋ ಅದೇ ವರ್ಷವೆಲ್ಲಾ ಎನ್ನುವುದು ಈ ಕಡೆಯ ನಂಬಿಕೆ. ಮಕ್ಕಳನ್ನು ಅಂದು ಬೈಯುವುದಿಲ್ಲ, ಸಾಲ ಕೇಳುವುದಿಲ್ಲ. ಆ ದಿನವೇ ಸೂರತ್ತಿನ ಕೋರ್ಟು ರಾಹುಲ್‌ಗೆ ಎರಡು ವರ್ಷದ ಸಜೆ ವಿಧಿಸಿತು. ಮೇಲ್ಮನವಿಗೆ 30 ದಿನ ಗಡುವು ಸಿಕ್ಕಿತು, ಜಾಮೀನೂ ಸಿಕ್ಕಿತು. ಮರುದಿನ, ಮಾರ್ಚ್ 24ಕ್ಕೆ, ವಯನಾಡಿನ ಸಂಸದ ಸ್ಥಾನ ಹೋಯಿತು. ಏಪ್ರಿಲ್ ಮುಗಿಯುವುದರೊಳಗೆ ದಿಲ್ಲಿಯ ತುಘಲಕ್ ಲೇನಿನ ಸರ್ಕಾರಿ ಮನೆಯನ್ನೂ ಖಾಲಿ ಮಾಡಿದರು.

ಎರಡು ವರ್ಷದ ಗುಟ್ಟು

ಶಿಕ್ಷೆ ಯಾಕೆ ಸರಿಯಾಗಿ ಎರಡೇ ವರ್ಷ? ಅಂಗಡಿ ಕಟ್ಟೆಗಳಲ್ಲಿ ಬಹಳ ಉರುಳಾಡಿದ ಪ್ರಶ್ನೆ ಇದು. ಉತ್ತರ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಕಲಮಿನಲ್ಲಿದೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸಜೆಯಾದರೆ ಸದಸ್ಯತ್ವ ಹೋಯಿತು. ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಮಾನನಷ್ಟಕ್ಕೆ ಕಾನೂನಿನಲ್ಲಿ ಇರುವ ಗರಿಷ್ಠ ಸಜೆಯೂ ಎರಡೇ ವರ್ಷ. ಒಂದು ದಿನ ಕಮ್ಮಿ ಕೊಟ್ಟಿದ್ದರೂ ಸೀಟು ಉಳಿಯುತ್ತಿತ್ತು!

ಇದರಲ್ಲೊಂದು ತಮಾಷೆಯೂ ಇದೆ, ಕಹಿ ತಮಾಷೆ. ಮೊದಲು ಹಾಲಿ ಸದಸ್ಯರು ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸೀಟಿಗೆ ಧಕ್ಕೆ ಇರಲಿಲ್ಲ. 2013ರ ಜುಲೈನಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ಕಿತ್ತುಹಾಕಿತು. ಅದನ್ನು ತಪ್ಪಿಸಲು ಮನಮೋಹನ್ ಸಿಂಗ್ ಸರ್ಕಾರ ಸುಗ್ರೀವಾಜ್ಞೆಗೆ ಹೊರಟಾಗ, ಸೆಪ್ಟೆಂಬರಿನಲ್ಲಿ ದಿಲ್ಲಿಯ ಪ್ರೆಸ್ ಕ್ಲಬ್ಬಿನಲ್ಲಿ ಎದ್ದುನಿಂತು ಅದನ್ನು ಹರಿದು ಬಿಸಾಕಿ ಎಂದವರು ಯಾರು? ಇದೇ ರಾಹುಲ್ ಗಾಂಧಿ. ಸುಗ್ರೀವಾಜ್ಞೆ ವಾಪಸಾಯಿತು. ಹತ್ತು ವರ್ಷದ ಮೇಲೆ ಹರಿದ ಕೊಡೆಯ ಕೆಳಗೆ ತಾವೇ ನೆನೆಯಬೇಕಾಯಿತು.

ಇದನ್ನು ಎತ್ತಿ ಆಡಿ ನಗುವವರಿದ್ದಾರೆ. "ತಾನು ತೋಡಿದ ಹಳ್ಳ, ತಾನೇ ಬಿದ್ದ, ಇನ್ನೇನ್ ಸಾಮಿ?" ಎನ್ನುವ ಧಾಟಿ ಅವರದು. ಅದೇ ವಿಷಯಕ್ಕೆ ಮೆಚ್ಚುವವರೂ ಇದ್ದಾರೆ: ತನ್ನ ಸರ್ಕಾರವನ್ನೇ ಎದುರುಹಾಕ್ಕೊಂಡು ಆಡಿದ ಮಾತಿಗೆ ಬೆಲೆ ತೆತ್ತನಲ್ಲಾ, ಇವತ್ತು ಅಂಥೋರು ಎಷ್ಟು ಜನ ಸಿಗ್ತಾರೆ, ಅಂತ. ನಡತೆ ಒಂದೇ, ಕಾಣುವ ಕಣ್ಣು ಎರಡು.

ಮೋದಿ ಅಂದ್ರೆ ಯಾರಣ್ಣಾ?

ಇನ್ನು ಮಾತಿಗೇ ಬರೋಣ. ಹೆಸರಿನ ಕೊನೆಯ ತುಂಡು ಹಿಡಿದು ಜಗಳ ಮಾಡುವುದು ಈ ಸೀಮೆಗೆ ಹೊಸದು. ಇಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ, ಮುಗಿಯಿತು. ತೆಲುಗು ಮನೆಮಾತಿನವರಿಗೆ ಇಂಟಿಪೇರು ಉಂಟು, ಅದು ಸಂಬಂಧ ಕೂಡಿಸುವಾಗ ಹೊರಗೆ ಬರುತ್ತದೆಯೇ ಹೊರತು ರೇಷನ್ ಕಾರ್ಡಿನಲ್ಲಲ್ಲ. ಆದರೂ ಇಂಟಿಪೇರಿನ ಅಭಿಮಾನ ಏನೆಂದು ಅವರಿಗೆ ಗೊತ್ತು. ಒಬ್ಬ ಕದ್ದರೆ ಅವನನ್ನು ಕಳ್ಳ ಅನ್ನಲಿ, ಆ ಮನೆಹೆಸರಿನವರನ್ನೆಲ್ಲಾ ಸಂತೆಯಲ್ಲಿ ನಿಲ್ಲಿಸಿ ಕೇಳಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಕಾಂಗ್ರೆಸ್ಸಿಗೆ ತಲೆತಲಾಂತರದಿಂದ ಓಟು ಹಾಕಿದ ಮನೆಗಳಲ್ಲೂ ಈ ಮಾತು ಬೇಕಿರಲಿಲ್ಲ ಎನ್ನುವವರು ಸಿಗುತ್ತಾರೆ.

ಅಂಗಡಿಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ಉತ್ತರದ ಹಲವು ಭಾಷೆಗಳಲ್ಲಿ ಮೋದಿ ಎಂದರೆ ದಿನಸಿ ವ್ಯಾಪಾರಿ; ಮೋದಿಖಾನೆ ಎಂದರೆ ದಿನಸಿ ಉಗ್ರಾಣ. ಹಾಗೆ ನೋಡಿದರೆ ಬೇಳೆ, ಬೆಲ್ಲ, ಎಣ್ಣೆ ತೂಗುವ ಮುಳಬಾಗಿಲಿನ ಶೆಟ್ಟರೂ ಮೋದಿಗಳೇ! ಆದ್ದರಿಂದಲೇ ಅದು ಒಂದು ಜಾತಿಯ ಹೆಸರಲ್ಲ. ಬೇರೆ ಬೇರೆ ಸಮುದಾಯದವರು ಇಟ್ಟುಕೊಳ್ಳುತ್ತಾರೆ. ರಾಹುಲ್ ಪರ ವಕೀಲ ಅಭಿಷೇಕ್ ಮನು ಸಿಂಘ್ವಿ ಸುಪ್ರೀಂ ಕೋರ್ಟಿನಲ್ಲಿ ಇದೇ ದಾರಿ ಹಿಡಿದರು. ದೂರು ಕೊಟ್ಟವರ ಮೂಲ ಅಡ್ಡಹೆಸರೇ ಮೋದಿ ಅಲ್ಲ ಎಂದೂ ವಾದಿಸಿದರು. ಎದುರು ಪಕ್ಷದ ವಾದ: ಒಂದಿಡೀ ಸಮಾಜಕ್ಕೆ ಅವಮಾನವಾಗಿದೆ. ವಕೀಲರ ಗುದ್ದಾಟ ಹೇಗೇ ಇರಲಿ, ಭಾಷಣ ಕೇಳಿದ ಕೋಲಾರದವರಿಗೆ ಗುರಿ ಯಾರೆಂದು ಅನುಮಾನವೇನೂ ಇರಲಿಲ್ಲ. ಗುರಿ ಒಬ್ಬರು, ಕಲ್ಲು ಬಿದ್ದದ್ದು ಸಾಲುಮನೆಗೆ.

ಕ್ಷಮೆ ಕೇಳಿದ್ದರೆ?

ಬಸ್ಸಿನಲ್ಲಿ ವಾದ ಏರುವುದು ಇಲ್ಲಿಗೆ ಬಂದಾಗ. "ಒಂದು ಮಾತು, ತಪ್ಪಾಯ್ತು ಅಂದಿದ್ರೆ ಹೋಗ್ತಿತ್ತಲ್ಲಣ್ಣಾ, ಗಂಟೇನು ಹೋಗ್ತಿತ್ತು?" ಎನ್ನುವವರದು ಒಂದು ಗುಂಪು. ರಾಹುಲ್ ಕೇಳಲಿಲ್ಲ. ಸೀಟು ಹೋದ ಮರುದಿನ ಪತ್ರಕರ್ತರ ಮುಂದೆ, ತಮ್ಮ ಹೆಸರು ಸಾವರ್ಕರ್ ಅಲ್ಲ, ಗಾಂಧಿ. ಗಾಂಧಿ ಕ್ಷಮೆ ಕೇಳುವುದಿಲ್ಲ ಎಂದರು. ಆ ಮಾತಿಗೆ ಮಹಾರಾಷ್ಟ್ರದ ಮಿತ್ರ ಪಕ್ಷವೇ ಮುನಿಸಿಕೊಂಡಿತು. ದೂರುದಾರರು ಸುಪ್ರೀಂ ಕೋರ್ಟಿಗೆ ಕೊಟ್ಟ ಉತ್ತರದಲ್ಲಿ ಇದನ್ನು ಅಹಂಕಾರ ಎಂದರು. ಕ್ಷಮೆ ಕೇಳುವುದಿದ್ದರೆ ಎಂದೋ ಕೇಳುತ್ತಿದ್ದೆ, ತಪ್ಪೇ ಮಾಡಿಲ್ಲ ಎಂದು ರಾಹುಲ್ ಪ್ರಮಾಣಪತ್ರ ಹಾಕಿದರು.

ಆದರೆ ಅವರು ಎಂದೂ ಕೇಳಿದವರಲ್ಲ ಅಂತೇನಿಲ್ಲ. ಅದೇ 2019ರಲ್ಲಿ ಚೌಕೀದಾರ ಕಳ್ಳ ಎಂಬ ತಮ್ಮ ಘೋಷಣೆಯನ್ನು ಸುಪ್ರೀಂ ಕೋರ್ಟೇ ಒಪ್ಪಿದೆ ಎಂಬಂತೆ ಮಾತಾಡಿ ನ್ಯಾಯಾಂಗ ನಿಂದನೆಗೆ ಸಿಕ್ಕಿಬಿದ್ದಾಗ, ಮೇ ತಿಂಗಳಲ್ಲಿ ಬೇಷರತ್ ಕ್ಷಮೆ ಕೇಳಿದ್ದರು. ಮುಂದೆ ಎಚ್ಚರವಾಗಿರಿ ಎಂದು ಹೇಳಿ ಕೋರ್ಟು ನವೆಂಬರಿನಲ್ಲಿ ಆ ಪ್ರಕರಣ ಮುಗಿಸಿತು. ಕೋರ್ಟಿಗೆ ಕೇಳಿದ ಕ್ಷಮೆಯನ್ನು ಹೆಸರಿನ ಬಳಗಕ್ಕೆ ಯಾಕೆ ಕೇಳಬಾರದು ಎಂಬ ಪ್ರಶ್ನೆಗೆ ಅವರ ಕಡೆಯವರು ತಡವರಿಸುತ್ತಾರೆ. ಹಾಗಂತ ಕ್ಷಮೆ ಕೇಳದವನ ಸೀಟು ಕಿತ್ತುಕೊಳ್ಳಬೇಕೆ ಎಂದು ತಿರುಗಿ ಕೇಳಿದರೆ ಈ ಕಡೆಯವರೂ ತಡವರಿಸುತ್ತಾರೆ. ವಯನಾಡಿನ ಲಕ್ಷಾಂತರ ಜನ ಆರಿಸಿ ಕಳಿಸಿದವರನ್ನು ಒಂದು ವಾಕ್ಯಕ್ಕಾಗಿ ಮನೆಗೆ ಅಟ್ಟಿದ್ದು ಅತಿಯಾಯಿತು ಎನ್ನಲು ಕಾಂಗ್ರೆಸ್ಸಿನವರೇ ಆಗಿರಬೇಕಾಗಿಲ್ಲ. ಹಿರಿಯರಿಗೆ 1978 ನೆನಪಿಗೆ ಬರುತ್ತದೆ. ಆ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಗೆದ್ದುಹೋದ ಇಂದಿರಾ ಗಾಂಧಿಯವರನ್ನು ಡಿಸೆಂಬರಿನಲ್ಲೇ ಲೋಕಸಭೆ ಹೊರಹಾಕಿತ್ತು. ಅದರಿಂದ ಅವರಿಗೆ ನಷ್ಟವಾಯಿತೋ ಲಾಭವಾಯಿತೋ, 1980ರ ಫಲಿತಾಂಶ ಹೇಳಿತು.

ಬಕೆಟ್ಟು, ಹಾವು

ಒಬ್ಬರನ್ನೇ ಯಾಕೆ ಹಿಡಿಯಬೇಕು? ಈ ಜಿಲ್ಲೆಯ ನೆಲದಲ್ಲಿ ನಿಂತು ನಾಲಿಗೆ ಹರಿಬಿಟ್ಟವರು ಇನ್ನೂ ಇದ್ದಾರೆ. 2018ರ ಮೇ 9ರಂದು ಬಂಗಾರಪೇಟೆಗೆ ಬಂದಿದ್ದ ಪ್ರಧಾನಿ ನರೇಂದ್ರ ಮೋದಿ, ನೀರಿನ ಟ್ಯಾಂಕರ್ ಬಂದಾಗ ಸಾಲನ್ನು ದೂಡಿ ತನ್ನ ಬಕೆಟ್ಟು ಮುಂದಿಡುವ ಪುಂಡನಿಗೆ ರಾಹುಲ್‌ರನ್ನು ಹೋಲಿಸಿದರು. ಪ್ರಧಾನಿಯಾಗಲು ಸಿದ್ಧ ಎಂದು ರಾಹುಲ್ ಹೇಳಿದ್ದಕ್ಕೆ ಆ ಗೇಲಿ. ವ್ಯಂಗ್ಯ ತಾಗಿತು, ಯಾಕೆಂದರೆ ಟ್ಯಾಂಕರ್ ಸಾಲು ಏನೆಂದು ಇಲ್ಲಿನ ಹೆಂಗಸರಿಗೆ ಯಾರೂ ವಿವರಿಸಬೇಕಿಲ್ಲ. ಆದರೆ ಸಾಲು ಯಾಕಿದೆ ಅನ್ನೋದನ್ನ ಯಾರು ಕೇಳಬೇಕು ಎಂದು ಗೊಣಗಿದವರೂ ಇದ್ದರು.

ಆಮೇಲೆ 2023ರ ಏಪ್ರಿಲ್ ಕೊನೆ. ಮಲ್ಲಿಕಾರ್ಜುನ ಖರ್ಗೆಯವರು ಉತ್ತರ ಕರ್ನಾಟಕದ ಸಭೆಯೊಂದರಲ್ಲಿ ಮೋದಿಯನ್ನು ವಿಷದ ಹಾವಿಗೆ ಹೋಲಿಸಿದರು. ಅಂದದ್ದು ವ್ಯಕ್ತಿಗಲ್ಲ, ಸಿದ್ಧಾಂತಕ್ಕೆ ಎಂದು ಆಮೇಲೆ ತೇಪೆ ಹಚ್ಚಿದರು. ಬೆನ್ನಲ್ಲೇ ಬಿ.ಜೆ.ಪಿ.ಯ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. 30ರಂದು ಕೋಲಾರಕ್ಕೆ ಬಂದ ಮೋದಿ, ಹಾವು ಶಿವನ ಕೊರಳಿನ ಆಭರಣ, ತನಗೆ ಜನರೇ ಶಿವ ಎಂದು ಬಾಣವನ್ನು ತಿರುಗಿಸಿಬಿಟ್ಟರು. ಬೈಗುಳವನ್ನು ಹಾರ ಮಾಡಿಕೊಳ್ಳುವ ಕಲೆಯಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬುದನ್ನು ಅವರಿಗೆ ಓಟು ಹಾಕದವರೂ ಒಪ್ಪುತ್ತಾರೆ. ರಾಹುಲ್‌ಗೆ ಕಮ್ಮಿ ಇರೋದು ಅದೇ, ಅಂತಾರೆ.

ಓಟಿನ ಲೆಕ್ಕವೇ ಬೇರೆ

ಹಾಗಾದರೆ ಈ ಮಾತುಗಳಿಂದ ಓಟು ಅಲುಗಾಡಿತೆ? 2019ರಲ್ಲಿ ರಾಹುಲ್ ಬಂದು ಹೋದ ಮೇಲೆ, 1991ರಿಂದ ಏಳು ಬಾರಿ ಸತತ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಬಿ.ಜೆ.ಪಿ.ಯ ಎಸ್. ಮುನಿಸ್ವಾಮಿಗೆ 2 ಲಕ್ಷ 10 ಸಾವಿರ ಓಟುಗಳಿಂದ ಸೋತರು. ಆದರೆ ಆ ಸೋಲನ್ನು ಮೋದಿ ಹೆಸರಿನ ಮಾತಿನ ತಲೆಗೆ ಕಟ್ಟುವವರು ಜಿಲ್ಲೆಯಲ್ಲಿ ಅಪರೂಪ. ಕಾಂಗ್ರೆಸ್ಸಿನ ಒಳಜಗಳ ಯಾರಿಗೆ ತಾನೇ ಗೊತ್ತಿರಲಿಲ್ಲ? 2023ರ ಏಪ್ರಿಲ್ 16ರಂದು, ಸೀಟು ಕಳೆದುಕೊಂಡ ರಾಹುಲ್ ಅದೇ ಕೋಲಾರಕ್ಕೆ ಜೈ ಭಾರತ್ ಸಭೆಗೆ ಮರಳಿದರು. ಈ ಸಲ ಯಾರ ಅಡ್ಡಹೆಸರೂ ಇಲ್ಲ. ಜಾತಿಗಣತಿ, ಮೀಸಲಾತಿಯ ಶೇಕಡಾ 50ರ ಮಿತಿ, ಅದಾನಿ ಎಂದು ಮಾತಾಡಿದರು. ಮೇ ತಿಂಗಳಲ್ಲಿ ಕೋಲಾರ ಕಾಂಗ್ರೆಸ್ಸಿಗೆ ಹೋಯಿತು, ಆವನಿ ಸೇರಿದ ಮುಳಬಾಗಿಲು ಜನತಾದಳಕ್ಕೆ ಹೋಯಿತು. ಒಂದೇ ಜಿಲ್ಲೆ, ಒಂದೇ ಭಾಷಣ, ಎರಡು ಫಲ!

ಜುಲೈ 7ಕ್ಕೆ ಗುಜರಾತ್ ಹೈಕೋರ್ಟು ತಡೆ ಕೊಡಲು ಒಪ್ಪದೇ ಇದ್ದಾಗ ಇಲ್ಲಿ ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆ ತಿಂಗಳು ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು. ಬೆಳೆ ಇದ್ದವನು ರಾತ್ರಿಯೆಲ್ಲಾ ತೋಟ ಕಾಯುತ್ತಿದ್ದ. ಕಳ್ಳರು ಯಾರು ಎಂಬ ಪ್ರಶ್ನೆ ಅಲ್ಲಿ ಬಹಳ ನಿಜವಾಗಿತ್ತು.

ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟು ಶಿಕ್ಷೆಗೊಳಗಾದ ತೀರ್ಪಿಗೆ ತಡೆ ನೀಡಿತು. ನ್ಯಾಯಮೂರ್ತಿಗಳಾದ ಗವಾಯಿ, ನರಸಿಂಹ, ಸಂಜಯ್ ಕುಮಾರ್ ಅವರ ಪೀಠ ಹೇಳಿದ್ದು ಎರಡು ಮಾತು. ಆಡಿದ ಮಾತು ಸದಭಿರುಚಿಯದಲ್ಲ, ಸಾರ್ವಜನಿಕ ಬದುಕಿನಲ್ಲಿರುವವರು ಎಚ್ಚರದಿಂದ ಮಾತಾಡಬೇಕು. ಆದರೆ ಗರಿಷ್ಠ ಸಜೆಯೇ ಯಾಕೆಂದು ಕೆಳಗಿನ ಕೋರ್ಟು ಕಾರಣ ಕೊಟ್ಟಿಲ್ಲ. ಅದರ ಪರಿಣಾಮ ಒಬ್ಬ ವ್ಯಕ್ತಿಗಷ್ಟೇ ಅಲ್ಲ, ಅವರನ್ನು ಆರಿಸಿದ ಮತದಾರರಿಗೂ ತಟ್ಟುತ್ತದೆ. ಟೀ ಅಂಗಡಿಯ ಮುಂದೆ ಐದು ತಿಂಗಳಿಂದ ನಡೆದಿದ್ದ ಜಗಳದ ಅರ್ಧ ಅರ್ಧವನ್ನು ಎರಡೂ ಕಡೆಯವರಿಗೆ ಹಂಚಿದ ಹಾಗಾಯಿತು. ಮಾತು ಸರಿಯಲ್ಲ ಎಂದವರೂ ಗೆದ್ದರು, ಶಿಕ್ಷೆ ಸರಿಯಲ್ಲ ಎಂದವರೂ ಗೆದ್ದರು. ಎರಡನ್ನೂ ಒಟ್ಟಿಗೆ ಹೇಳುತ್ತಿದ್ದವರು ಮೊದಲಿಂದಲೂ ಇದ್ದರು, ಅವರ ದನಿ ಸಣ್ಣದು, ಬಸ್ಸಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಆಗಸ್ಟ್ 7ಕ್ಕೆ ಸದಸ್ಯತ್ವ ಮರಳಿತು. 2024ರಲ್ಲಿ ರಾಹುಲ್ ರಾಯಬರೇಲಿಯಿಂದಲೂ ಗೆದ್ದು ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕರಾದರು. ಅದೇ ಚುನಾವಣೆಯಲ್ಲಿ ಕೋಲಾರದಿಂದ ಗೆದ್ದವರು ಬಿ.ಜೆ.ಪಿ. ಜೊತೆಗೂಡಿದ್ದ ಜನತಾದಳದ ಮಲ್ಲೇಶ್ ಬಾಬು.

ಆ ವರ್ಷದ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಾನನಷ್ಟಕ್ಕೆ ಎರಡು ವರ್ಷದ ಸಜೆ ಅದರಲ್ಲೂ ಉಳಿದಿದೆ. ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೂ ಸೇರಿದೆ. ಸುದ್ದಿ ಕೇಳಿದ ಕಟ್ಟೆಯವರ ಸಲಹೆ ಹೀಗಿದೆ: ನಾಲಿಗೆ ಜಾರಿದ ನಾಯಕರನ್ನು, ಪಕ್ಷ ಯಾವುದೇ ಇರಲಿ, ಶಿವರಾತ್ರಿ ಮುಗಿದ ವಾರ ಆವನಿಗೆ ಕಳಿಸಲಿ. ದನಗಳ ಪರಿಷೆ ನಡೆದ ಬಯಲಿನಲ್ಲಿ ಎತ್ತಿ ಹಾಕಲು ಸಗಣಿ ಬೇಕಾದಷ್ಟಿರುತ್ತೆ.