ಹೆಸರು ಮುಚ್ಚಿ ರುಚಿ ನೋಡುವ ಕಸುಬು

2023ರಲ್ಲಿ ಹರಿಯಾಣದ ‘ಇಂದ್ರಿ’ ವಿಸ್ಕಿಯ ದೀಪಾವಳಿ ಆವೃತ್ತಿ ಅಮೆರಿಕದ ಒಂದು ಸ್ಪರ್ಧೆಯಲ್ಲಿ ಗೆದ್ದಾಗ ‘ಜಗತ್ತಿನಲ್ಲೇ ಅತ್ಯುತ್ತಮ ವಿಸ್ಕಿ ನಮ್ಮದು’ ಎಂದು ಪತ್ರಿಕೆಗಳು ಬರೆದವು. ಮರುವರ್ಷ ಲಂಡನ್ನಿನ ಇಂಟರ್‌ನ್ಯಾಷನಲ್ ಸ್ಪಿರಿಟ್ಸ್ ಚಾಲೆಂಜ್‌ನಲ್ಲಿ ಬೆಂಗಳೂರಿನ ‘ಅಮೃತ್ ಫ್ಯೂಷನ್’ ಗೆದ್ದಾಗಲೂ ಹೆಚ್ಚುಕಡಿಮೆ ಅದೇ ತಲೆಬರಹ. ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಹದಗೊಳ್ಳುವ ಪೇಯದ ಲೋಕದಲ್ಲಿ ಒಂದೇ ವರ್ಷಕ್ಕೆ ಸಿಂಹಾಸನ ಕೈ ಬದಲಾಯಿಸುತ್ತದೆಯೇ? ಎರಡು ಗೆಲುವೂ ಸುಳ್ಳಲ್ಲ, ಆದರೆ ತಲೆಬರಹ ಹೇಳುವ ಸಂಗತಿಯನ್ನು ಸ್ಪರ್ಧೆ ಹೇಳಿರುವುದಿಲ್ಲ. ವಿಸ್ಕಿಯ ಪದಕ ಮುಖ್ಯವಾಗಿ ಒಂದು ಮಟ್ಟವನ್ನು ಸೂಚಿಸುತ್ತದೆ. ಓಟದ ಪಂದ್ಯದಲ್ಲಿರುವಂಥ ಮೊದಲ ಸ್ಥಾನವನ್ನಲ್ಲ. ಅದಕ್ಕೆ ಬೆಲೆ ಬರುವುದು ಬಾಟಲಿಯ ಹೆಸರನ್ನು ಮುಚ್ಚಿಟ್ಟು ಕೊಟ್ಟದ್ದು ಎಂಬ ಕಾರಣಕ್ಕೆ.

ಕೆಲಸ ನಡೆಯುವ ರೀತಿ ನೋಡಿದರೆ ಇದು ತಿಳಿಯುತ್ತದೆ. ಲಂಡನ್ನಿನ ಐಡಬ್ಲ್ಯೂಎಸ್‌ಸಿ (ಇಂಟರ್‌ನ್ಯಾಷನಲ್ ವೈನ್ ಅಂಡ್ ಸ್ಪಿರಿಟ್ ಕಾಂಪಿಟಿಷನ್) 1969ರಿಂದ ನಡೆದುಬಂದ ಹಳೆಯ ಸ್ಪರ್ಧೆ. ಸ್ಯಾನ್ ಫ್ರಾನ್ಸಿಸ್ಕೋದ ವರ್ಲ್ಡ್ ಸ್ಪಿರಿಟ್ಸ್ ಕಾಂಪಿಟಿಷನ್ 2000ದಲ್ಲಿ ಶುರುವಾದದ್ದು. ತಯಾರಕರು ಶುಲ್ಕ ಕಟ್ಟಿ ಬಾಟಲಿ ಕಳಿಸುತ್ತಾರೆ. ಅವನ್ನು ಬಗೆ, ದೇಶ, ವಯಸ್ಸುಗಳ ಪ್ರಕಾರ ಗುಂಪು ಮಾಡಿ, ತೀರ್ಪುಗಾರರ ಕಣ್ಣಿಗೆ ಬೀಳದ ಕಡೆ ಲೋಟಕ್ಕೆ ಸುರಿಯುತ್ತಾರೆ. ಲೋಟದ ಮೇಲೆ ಇರುವುದು ಸಂಖ್ಯೆ ಮಾತ್ರ. ಲೋಟ ತಳದಲ್ಲಿ ಅಗಲ, ಬಾಯಲ್ಲಿ ಕಿರಿದು. ಪರಿಮಳ ಚೆದುರದೆ ಮೂಗಿಗೆ ಒಟ್ಟಾಗಿ ಬರಲೆಂದು. ಈ ಕಸುಬಿನಲ್ಲಿ ನಾಲಿಗೆಗಿಂತ ದೊಡ್ಡ ಉಪಕರಣ ಮೂಗೇ. ಮೊದಲು ಹಾಗೇ ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗಿಯುತ್ತಾರೆ. ಆಮೇಲೆ ತುಸು ನೀರು ಬೆರೆಸಿ ಮತ್ತೆ ಮೂಸುತ್ತಾರೆ. ಮದ್ಯಸಾರದ ಖಾರ ತಗ್ಗಿದಾಗ ಅದರ ಹಿಂದೆ ಅಡಗಿದ್ದ ಹಣ್ಣು, ಹೊಗೆ, ಮರದ ವಾಸನೆ ಹೊರಬರುತ್ತದೆ, ದೋಷವಿದ್ದರೆ ಅದೂ ಬರುತ್ತದೆ. ಮೇಜಿನ ಸುತ್ತ ಕೂತವರು ಪೀಪಾಯಿಗಳ ಮದ್ಯ ಬೆರೆಸಿ ರುಚಿ ಹೊಂದಿಸುವ ಬ್ಲೆಂಡರ್‌ಗಳು, ಮದ್ಯ ಖರೀದಿಸುವ ವ್ಯಾಪಾರಿಗಳು, ಬಾರ್ ನಡೆಸುವವರು, ಬರಹಗಾರರು. ಮೊದಲು ಮಾತಿಲ್ಲದೆ ಅಂಕ ಬರೆಯುತ್ತಾರೆ. ಅಂಕಗಳಲ್ಲಿ ಅಂತರ ಬಹಳವಿದ್ದರೆ ಆಗ ಚರ್ಚೆ. ಐಡಬ್ಲ್ಯೂಎಸ್‌ಸಿಯಲ್ಲಿ 95 ಮುಟ್ಟಿದರೆ ಚಿನ್ನ, 90 ಮುಟ್ಟಿದರೆ ಬೆಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಡದ ಎಲ್ಲರೂ ಚಿನ್ನವೆಂದರೆ ‘ಡಬಲ್ ಗೋಲ್ಡ್’. ಹಾಗಾಗಿ ಒಂದೇ ದಿನ ಹತ್ತಾರು ಬಾಟಲಿಗಳಿಗೆ ಚಿನ್ನ ಬರಬಹುದು, ಯಾವುದಕ್ಕೂ ಬರದೆಯೂ ಇರಬಹುದು. ಇದು ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರುವ ಬಗೆ; ರ‍್ಯಾಂಕ್ ಬರುವ ಬಗೆಯಲ್ಲ. ಚಿನ್ನ ಬಂದವುಗಳಲ್ಲಿ ಒಂದನ್ನು ಆರಿಸಿ ಟ್ರೋಫಿ ಕೊಡುವುದುಂಟು, ನಿಜ. ಆದರೆ ಆ ಆಯ್ಕೆ ನಡೆಯುವುದು ಆ ವರ್ಷ, ಆ ಸ್ಪರ್ಧೆಗೆ, ಶುಲ್ಕ ಕಟ್ಟಿ ಬಂದವುಗಳ ನಡುವೆ.

ಕುಮಟಾ ಬಳಿಯ ಮಿರ್ಜಾನದ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಟಾ ಮಾರುಕಟ್ಟೆಯ ದರಪಟ್ಟಿಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು, ಫ್ಯಾಕ್ಟರಿ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ವ್ಯಾಪಾರಿ ರಾಶಿಗೆ ಕೈ ಹಾಕಿ, ಒಂದೆರಡು ಅಡಿಕೆ ಕತ್ತರಿಸಿ, ಒಳಗಿನ ಬಣ್ಣ ನೋಡಿ ಟೆಂಡರಿಗೆ ದರ ಬರೆಯುತ್ತಾನೆ. ಈ ಊರಿನಲ್ಲಿ ಜಗತ್ತಿನ ಅತ್ಯುತ್ತಮ ಅಡಿಕೆ ಯಾರದ್ದೆಂದು ಯಾರೂ ಕೇಳುವುದಿಲ್ಲ. ಯಾವ ದರ್ಜೆಯದ್ದೆಂದು ಕೇಳುತ್ತಾರೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅಡಿಕೆಯನ್ನು ತಪ್ಪಾಗಿ ಅಳೆದರೆ ಹೋಗುವುದು ವ್ಯಾಪಾರಿಯದೇ ಹಣ. ವಿಸ್ಕಿಯ ತೀರ್ಪುಗಾರ ತಪ್ಪು ಅಂಕ ಕೊಟ್ಟರೆ ಅವನ ಜೇಬಿಗೆ ಏನೂ ತಗಲುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಹೆಸರು ಮುಚ್ಚುವ, ತಂಡವಾಗಿ ಕೂರಿಸುವ, ಅಂಕ ಬರೆಸಿಕೊಳ್ಳುವ ಕಟ್ಟುಪಾಡು ಬೇಕಾಯಿತು.

ಹೆಸರು ಮುಚ್ಚುವುದರಿಂದ ಆಗುವ ಲಾಭಕ್ಕೆ ಅಮೃತ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಆರಂಭಿಸಿದ ಕಂಪನಿ ಇದು. ಬಹುಕಾಲ ಇಲ್ಲಿಯ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ಮದ್ಯ) ಬೇರೆ ಮದ್ಯದ ಜತೆ ಬೆರೆತು ಅಗ್ಗದ ಬಾಟಲಿಗಳಿಗೆ ಹೋಗುತ್ತಿತ್ತು. ಅದನ್ನು ಬೇರೇನೂ ಬೆರೆಸದೆ ಸಿಂಗಲ್ ಮಾಲ್ಟ್ ಆಗಿಯೇ ಮಾರುವ ಯೋಚನೆ ಬಂದದ್ದು ರಾಧಾಕೃಷ್ಣರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಮೊಮ್ಮಗ ರಕ್ಷಿತ್ ಅಲ್ಲಿನ ಮಾರುಕಟ್ಟೆಯನ್ನು ಅಧ್ಯಯನ ಮಾಡಿದರು. ಎದುರಿಗಿದ್ದ ಗೋಡೆ ಸಣ್ಣದಲ್ಲ. ಭಾರತದಲ್ಲಿ ವಿಸ್ಕಿ ಎಂದು ಮಾರುವ ಬಹಳಷ್ಟು ಪೇಯದಲ್ಲಿ ಕಬ್ಬಿನ ಕಾಕಂಬಿಯ ಮದ್ಯಸಾರ ಇರುತ್ತದೆ. ಯುರೋಪಿನ ಕಾನೂನು ಧಾನ್ಯದಿಂದ ಮಾಡಿದ್ದಕ್ಕೆ ಮಾತ್ರ ಆ ಹೆಸರು ಕೊಡುತ್ತದೆ. ಬಾರ್ಲಿಯಿಂದಲೇ ಮಾಡಿದ ಅಮೃತ್ ಮಾಲ್ಟ್‌ಗೂ ಆ ಅನುಮಾನದ ನೆರಳು ಬಿತ್ತು. ಹೆಸರು ಹೇಳದೆ ರುಚಿ ತೋರಿಸಿದಾಗ ಸ್ಕಾಟ್ಲೆಂಡಿನವರೇ ಇದನ್ನು ತಮ್ಮ ಸ್ಪೇಸೈಡ್ ಸೀಮೆಯದ್ದೆಂದು ಊಹಿಸಿದರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಬೆಂಗಳೂರಿಗೆ ಬರುವಾಗ 2010 ಆಗಿತ್ತು.

ವಯಸ್ಸಿನ ಪೂರ್ವಗ್ರಹ ಇನ್ನೊಂದು. ಪೀಪಾಯಿಯಿಂದ ಪ್ರತಿವರ್ಷ ಒಂದಷ್ಟು ಆವಿಯಾಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಇದು ಶೇ 2ರಷ್ಟಾದರೆ ಬೆಂಗಳೂರಿನಲ್ಲಿ ಶೇ 10ರಿಂದ 12. ಮರದ ಸತ್ವವೂ ಇಲ್ಲಿ ಬೇಗ ಇಳಿಯುತ್ತದೆ. ಹಾಗಾಗಿ ನಾಲ್ಕೈದು ವರ್ಷಕ್ಕೇ ಇಲ್ಲಿನ ಮಾಲ್ಟ್ ಹದಕ್ಕೆ ಬರುತ್ತದೆ, ಹನ್ನೆರಡು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಅಂಗಡಿಯಲ್ಲಿ ಗ್ರಾಹಕ ಮೊದಲು ನೋಡುವುದು 12, 18 ಎಂಬ ಅಂಕಿಯನ್ನು. ಸಂಖ್ಯೆ ಬರೆದ ಲೋಟದ ಮುಂದೆ ಕೂತವನಿಗೆ ಮಾತ್ರ ಅಂಕಿ ಬರೆದ ಆ ಲೇಬಲ್ ಕಾಣುವುದಿಲ್ಲ. ಬರಹಗಾರ ಜಿಮ್ ಮರ್ರೆ ತನ್ನ ‘ವಿಸ್ಕಿ ಬೈಬಲ್’ನ 2005ರ ಆವೃತ್ತಿಯಲ್ಲಿ ಅಮೃತ್‌ಗೆ 100ಕ್ಕೆ 82 ಕೊಟ್ಟರು, 2010ರ ಆವೃತ್ತಿಯಲ್ಲಿ ಭಾರತದ ಬಾರ್ಲಿಯನ್ನೂ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿಯನ್ನೂ ಸೇರಿಸಿ ಮಾಡಿದ ಫ್ಯೂಷನ್‌ಗೆ 97 ಅಂಕ, ಜಗತ್ತಿನಲ್ಲಿ ಮೂರನೆಯ ಸ್ಥಾನ. ಅಮೃತ್ ಹೆಸರಾದದ್ದು ಅಲ್ಲಿಂದ. ಅದು ಸ್ಪರ್ಧೆಯಲ್ಲ, ಒಬ್ಬನ ಮೂಗಿನ ತೀರ್ಪು ಎಂಬುದನ್ನು ಮರೆಯಬಾರದು. ಒಬ್ಬ ಹೇಳಿದ ಮಾತು ಗಟ್ಟಿಯೋ ಎಂದು ನೋಡಲು ಬೇರೆಯವರೂ ಹೆಸರು ಅರಿಯದೆ ಅದೇ ಮಾತು ಹೇಳುತ್ತಾರೋ ಎಂದು ಕಾಯಬೇಕು. ಫ್ಯೂಷನ್‌ನ ವಿಷಯದಲ್ಲಿ ಹದಿನಾಲ್ಕು ವರ್ಷದ ನಂತರ ಲಂಡನ್ನಿನ ತೀರ್ಪುಗಾರರ ತಂಡ ಅದನ್ನು ಹೇಳಿತು. ನನ್ನ ಮಟ್ಟಿಗೆ 2024ರ ಗೆಲುವಿನ ತೂಕ ಇರುವುದು ಇಲ್ಲಿ, ತಲೆಬರಹದಲ್ಲಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ: ತೀರ್ಪುಗಾರರ ನಾಲಿಗೆಯೇ ಸ್ಥಿರವಿಲ್ಲದಿದ್ದರೆ ಹೆಸರು ಮುಚ್ಚಿ ಏನು ಪ್ರಯೋಜನ? ರಾಬರ್ಟ್ ಹಾಡ್ಜ್‌ಸನ್ ಎಂಬ ಅಮೆರಿಕದ ದ್ರಾಕ್ಷಾರಸ ತಯಾರಕ, ನಿವೃತ್ತ ಪ್ರಾಧ್ಯಾಪಕ, ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಅರಿವಾಗದಂತೆ ಮೂರು ಸಲ ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಶೇ 10ರಷ್ಟು ಮಾತ್ರ. ಮುಂದಿನ ಅಧ್ಯಯನದಲ್ಲಿ ಒಂದು ಸ್ಪರ್ಧೆಯಲ್ಲಿ ಚಿನ್ನ ಗೆದ್ದ ವೈನ್‌ಗಳಲ್ಲಿ ಬಹುಪಾಲು ಮತ್ತೊಂದರಲ್ಲಿ ಏನನ್ನೂ ಗೆಲ್ಲದೆ ಮರಳಿದ್ದು ಕಂಡಿತು. ಅವು ವೈನಿನ ಸ್ಪರ್ಧೆಗಳು. ಆದರೂ ವಿಸ್ಕಿಯ ಮೇಜಿಗೆ ಈ ಮಾತು ಅನ್ವಯಿಸದು ಎನ್ನುವುದು ಮೊಂಡುವಾದವಾದೀತು. ಮದ್ಯಸಾರ ಹೆಚ್ಚಿರುವ ಪೇಯದಲ್ಲಿ ಮೂಗು ಇನ್ನೂ ಬೇಗ ದಣಿಯುತ್ತದೆ. ಆದರೆ ಈ ಸಾಕ್ಷಿ ನಿಜವಾಗಿ ಕೆಡವುವುದು ಯಾವುದನ್ನು? 96ಕ್ಕೂ 94ಕ್ಕೂ ನಡುವೆ ಇದೆಯೆಂದುಕೊಂಡ ಅಂತರವನ್ನು. ಹಾಡ್ಜ್‌ಸನ್ ಅವರ ತೀರ್ಪುಗಾರರು ಪದಕದ ಮಟ್ಟಗಳ ನಡುವೆ ತೂಗಾಡಿದರು; ಕೆಟ್ಟದ್ದನ್ನು ಕಂಡಾಗ ಮಾತ್ರ ಅವರ ಅಭಿಪ್ರಾಯ ಹೆಚ್ಚು ಸ್ಥಿರವಾಗಿತ್ತು. ಅಂದರೆ ಪದಕವನ್ನು ಮೊದಲ ಸ್ಥಾನವೆಂದು ಓದಿದವರಿಗೆ ಮಾತ್ರ ಈ ಅಧ್ಯಯನ ಆಘಾತ. ಮಟ್ಟವೆಂದು ಓದುವವರಿಗೆ ಒಂದೇ ಸ್ಪರ್ಧೆಯ ಚಿನ್ನಕ್ಕಿಂತ ನಾಲ್ಕಾರು ಕಡೆ, ನಾಲ್ಕಾರು ವರ್ಷ ಬಂದ ಬೆಳ್ಳಿ ದೊಡ್ಡದು.

ಹಣದ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಪ್ರತಿ ಬಾಟಲಿಗೂ ಶುಲ್ಕ ಪಡೆಯುವ ಸಂಸ್ಥೆಗೆ ಪದಕ ಹೆಚ್ಚು ಹಂಚಿದಷ್ಟೂ ಮುಂದಿನ ವರ್ಷ ಬಾಟಲಿ ಹೆಚ್ಚು ಬರುತ್ತವೆ. ಗೆದ್ದವರು ಬಾಟಲಿಗೆ ಅಂಟಿಸುವ ಸ್ಟಿಕ್ಕರ್ ಕೂಡ ವ್ಯಾಪಾರದ ಭಾಗವೇ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರಿದೆ. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ, ಪ್ರಶಸ್ತಿಯ ಸುದ್ದಿಗೆ ಇಲ್ಲ. ಕಂಪನಿ ಹಣ ಕೊಟ್ಟೂ ಹೇಳಲಾಗದ್ದನ್ನು ಸುದ್ದಿವಾಹಿನಿ ಪುಕ್ಕಟೆ ಹೇಳುತ್ತದೆ, ದೇಶಾಭಿಮಾನದ ಒಗ್ಗರಣೆ ಹಾಕಿ. ಇಷ್ಟಾದರೂ ಶುಲ್ಕ ಪಡೆದ ಮಾತ್ರಕ್ಕೆ ತೀರ್ಪು ಮಾರಾಟಕ್ಕಿದೆ ಎನ್ನಲಾಗದು. ಪರೀಕ್ಷೆಗೂ ನಾವು ಶುಲ್ಕ ಕಟ್ಟುತ್ತೇವೆ. ಕೇಳಬೇಕಾದ್ದು ಬೇರೆ: ಬಂದ ಬಾಟಲಿಗಳಲ್ಲಿ ಎಷ್ಟಕ್ಕೆ ಪದಕ ಸಿಕ್ಕಿತು, ಎಷ್ಟು ಬರಿಗೈಲಿ ಮರಳಿದವು? ಈ ಲೆಕ್ಕವನ್ನು ಮುಂದಿಡುವ ಸ್ಪರ್ಧೆಯನ್ನು ನಂಬಬಹುದು.

ಕುಡಿತದಿಂದ ಮನೆಗಳು ಹಾಳಾಗಿರುವ ನಾಡಿನಲ್ಲಿ ಈ ಪರಿಚಯವೇಕೆ ಎಂಬ ಮಾತೂ ಬರುತ್ತದೆ, ಅದು ಸಸಾರದ ಮಾತಲ್ಲ. ಉತ್ತಮವೆಂಬ ಪದಕ ದೇಹಕ್ಕೆ ಒಳ್ಳೆಯದೆಂಬ ಪ್ರಮಾಣಪತ್ರವಲ್ಲ; ತೀರ್ಪುಗಾರರು ಪ್ರತಿ ಗುಟುಕನ್ನೂ ಉಗಿಯುತ್ತಾರೆಂಬುದನ್ನು ಸುದ್ದಿ ಬರೆಯುವವರು ಬಿಟ್ಟುಬಿಡುತ್ತಾರೆ. ಹಾಗೆಂದು ಕಸುಬನ್ನು ಅರಿಯದೆ ಇರುವುದರಿಂದ ಲಾಭವಾಗುವುದು ತಲೆಬರಹ ಮಾರುವವರಿಗೆ ಮಾತ್ರ.

ಸ್ಪರ್ಧೆ ಮುಟ್ಟಲಾರದ ಒಂದು ಜಾಗ ಉಳಿದಿದೆ. ತೀರ್ಪುಗಾರರು ಮೂಸಿದ್ದು ಒಂದು ಬ್ಯಾಚಿನ ಒಂದೆರಡು ಬಾಟಲಿಗಳನ್ನು. ಮಾಲ್ಟ್ ಪೀಪಾಯಿಯಿಂದ ಪೀಪಾಯಿಗೆ ಬೇರೆಯಾಗುತ್ತದೆ. ಅವನ್ನು ಬೆರೆಸಿ ಹಿಂದಿನ ರುಚಿಗೇ ತಂದು ನಿಲ್ಲಿಸುವುದು ಬ್ಲೆಂಡರನ ಕೈಚಳಕ, ಅದನ್ನು ಯಾವ ಮೇಜೂ ಮರುಪರೀಕ್ಷೆ ಮಾಡುವುದಿಲ್ಲ. ಸ್ಟಿಕ್ಕರ್ ಮೇಲೆ ಗೆದ್ದ ವರ್ಷವಿದ್ದರೆ, ಬಾಟಲಿಯ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರೂ ತಯಾರಾದ ತಿಂಗಳೂ ಅಚ್ಚಾಗಿರುತ್ತವೆ. ಬಹಳ ಸಲ ಗೆದ್ದ ವರ್ಷವೂ ತಯಾರಾದ ವರ್ಷವೂ ಒಂದೇ ಅಲ್ಲ.