ಆಟದೊಳಗಣ ದುಡಿಮೆ

ದುಡಿಮೆಯಿಂದ ಬಿಡುವು ದೊರೆತಾಗ ಆಡುವುದೇ ಆಟವೆಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಮಕ್ಕಳ ಆಟವನ್ನು ಗಮನಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ನರೋಣಾ ಮೊದಲಾದ ಊರುಗಳಿರುವ ಕಲಬುರಗಿ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣಿನಿಂದ ಜೋಡೆತ್ತುಗಳನ್ನು ಮಾಡಿ ಪೂಜಿಸುವರು. ಮಕ್ಕಳಿಗಂತೂ ಅವು ಹೊಲ ಉಳುವ ಎತ್ತುಗಳೇ. ಪುಟ್ಟ ಮಡಕೆಯಲ್ಲಿ ಮಣ್ಣಿನ ಅನ್ನ ಬೇಯಿಸುವುದು, ಕಲ್ಲುಹರಳನ್ನಿಟ್ಟು ಅಂಗಡಿ ಹೂಡುವುದು, ಇವೆಲ್ಲವೂ ಹಿರಿಯರ ನಿತ್ಯದ ಕೆಲಸಗಳ ಅನುಕರಣೆಗಳು.

ಈ ಪ್ರವೃತ್ತಿಯು ಇಂದಿನ ವಿಡಿಯೋ ಆಟಗಳಲ್ಲಿಯೂ ಕಾಣಬರುತ್ತದೆ. ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು 2008ರಲ್ಲಿ ಹೊರತಂದ ‘ಫಾರ್ಮಿಂಗ್ ಸಿಮ್ಯುಲೇಟರ್’ ಆಟದಲ್ಲಿ ಟ್ರ್ಯಾಕ್ಟರ್ ನಡೆಸಿ ಬಿತ್ತುವುದು, ಕೊಯ್ಯುವುದು, ಮಾರುವುದು ಇವೇ ಸಾಹಸಗಳು. ಎರಿಕ್ ಬರೋನ್ ಎಂಬವರು ಒಬ್ಬರೇ ಕುಳಿತು ರಚಿಸಿ 2016ರಲ್ಲಿ ಪ್ರಕಟಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ ಆಟದಲ್ಲಿ ಆಟಗಾರನು ಅಜ್ಜನಿಂದ ಬಂದ ಪಾಳುಹೊಲವನ್ನು ಹಸನುಗೊಳಿಸಿ, ದಿನವೂ ಗಿಡಗಳಿಗೆ ನೀರೆರೆಯಬೇಕು.

ಬೇಸರ ತರುವ ಕೆಲಸವು ಆಟದಲ್ಲಿ ಹೇಗೆ ಇಂಪಾಯಿತು? ತೊಗರಿ ಬೆಳೆಯುವ ರೈತನನ್ನು ನೆನೆದರೆ ಉತ್ತರ ದೊರೆಯುತ್ತದೆ. ಮುಂಗಾರಿನಲ್ಲಿ ಬಿತ್ತಿದವನು ಚಳಿಗಾಲದವರೆಗೆ ಕಾಯಬೇಕು. ನಡುವೆ ಮಳೆ ಕೈಕೊಡಬಹುದು, ನೆಟೆರೋಗ ತಗಲಬಹುದು, ಮಾರುಕಟ್ಟೆಯಲ್ಲಿ ಧಾರಣೆ ಕುಸಿಯಬಹುದು. ಆಟದ ಹೊಲದಲ್ಲಾದರೋ ನೀರೆರೆದರೆ ಮೊಳಕೆ ನಿಶ್ಚಿತ. ಫಲ ಕೆಲವೇ ನಿಮಿಷಗಳಲ್ಲಿ ಕೈಸೇರುತ್ತದೆ. ದುಡಿಮೆಗೆ ತಕ್ಕ ಫಲ ದೊರೆಯಬೇಕೆಂಬ ಮನುಷ್ಯನ ಹಂಬಲವನ್ನು ಆಟವು ಸುಲಭವಾಗಿ ತಣಿಸುತ್ತದೆ. ಅದರ ಆಕರ್ಷಣೆಯೂ ಅಲ್ಲಿದೆ, ಅದರ ಕೊರತೆಯೂ ಅಲ್ಲಿದೆ.

ಇನ್ನು ಕೆಲವು ಆಟಗಳು ಕೆಲಸದೊಡನೆ ಧರ್ಮಸಂಕಟವನ್ನೂ ಒಡ್ಡುತ್ತವೆ. ಲೂಕಸ್ ಪೋಪ್ ರಚಿಸಿದ ‘ಪೇಪರ್ಸ್, ಪ್ಲೀಸ್’ (2013) ಅಂತಹದು. ಅಲ್ಲಿ ಆಟಗಾರನು ಕಲ್ಪಿತ ದೇಶವೊಂದರ ಗಡಿಯಲ್ಲಿ ಕಾಗದಪತ್ರ ಪರಿಶೀಲಿಸುವ ಗುಮಾಸ್ತ. ಸರಿಯಾಗಿ ಪರೀಕ್ಷಿಸಿದ ಪ್ರತಿಯೊಬ್ಬ ಪ್ರಯಾಣಿಕನಿಗೆ ಇಷ್ಟೆಂದು ಕೂಲಿ. ತಪ್ಪುಗಳು ಹೆಚ್ಚಿದರೆ ದಂಡ. ಆ ಕೂಲಿಯಲ್ಲೇ ಮನೆಯವರ ಊಟ, ಬಾಡಿಗೆ, ಔಷಧಿ ನಡೆಯಬೇಕು. ಒಮ್ಮೆ ಗಂಡನೊಬ್ಬನು ಸರಿಯಾದ ಕಾಗದ ತೋರಿಸಿ ಗಡಿ ದಾಟುತ್ತಾನೆ. ಅವನ ಹಿಂದೆ ಬಂದ ಹೆಂಡತಿಯಲ್ಲಿ ಪ್ರವೇಶಪತ್ರವಿಲ್ಲ. ಹಿಂದಿರುಗಿದರೆ ತನಗೆ ಸಾವೇ ಗತಿಯೆಂದು ಆಕೆ ಅಂಗಲಾಚುತ್ತಾಳೆ. ನಿಯಮವೋ, ಕರುಣೆಯೋ? ಮುದ್ರೆಯು ಆಟಗಾರನ ಕೈಯಲ್ಲಿದೆ.

ನಮ್ಮ ಪರಮಪದ ಸೋಪಾನ ಪಟವೂ ನೀತಿಯನ್ನೇ ಬೋಧಿಸಲು ಹುಟ್ಟಿದ ಆಟ. ಅಲ್ಲಿ ಪುಣ್ಯವು ಏಣಿ, ಪಾಪವು ಹಾವು. ಆದರೆ ಏರಿಸುವುದೂ ಇಳಿಸುವುದೂ ಕವಡೆ, ಆಡುವವನಿಗೆ ಆಯ್ಕೆಯಿಲ್ಲ. ಗಡಿಯ ಗುಮಾಸ್ತನ ಆಟದಲ್ಲಿ ಆಯ್ಕೆಯೇ ಸರ್ವಸ್ವ. ಅದರ ಹೊಣೆಯನ್ನು ಕವಡೆಯ ಮೇಲೆ ಹೊರಿಸುವಂತಿಲ್ಲ.

ಇಂತಹ ಸಂದರ್ಭವು ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಶರಣರ ಕಥೆ ತಿಳಿಸುತ್ತದೆ. ಅತಿ ಸಾಮಾನ್ಯವಾದ ಕೆಲಸ, ಹಿಡಿಯಷ್ಟು ಅಕ್ಕಿ. ಆದರೂ ಅಲ್ಲಿ ತೂಗಲ್ಪಟ್ಟುದು ಮನುಷ್ಯನ ಮನಸ್ಸು.

ಆಟದಲ್ಲಿ ತಪ್ಪಿದವನು ಮತ್ತೆ ಮೊದಲಿನಿಂದ ಆರಂಭಿಸಬಹುದು; ಬದುಕಿನಲ್ಲಿ ಆ ಸೌಕರ್ಯವಿಲ್ಲ. ಆಟದ ಹೊಲದಲ್ಲಿ ಕಳೆದ ಹೊತ್ತು ನಿಜವಾದ ಹೊಲಕ್ಕೂ ಓದಿಗೂ ದೊರೆಯದು. ಆದುದರಿಂದ ಮಿತಿಯರಿತು ಆಡುವುದು ಲೇಸು. ಆದರೂ ಕಚೇರಿಯ ಕಿಟಕಿಯ ಆಚೆ ನಿಂತವನ ಕಷ್ಟವನ್ನೂ, ಈಚೆ ಕುಳಿತವನ ಇಕ್ಕಟ್ಟನ್ನೂ ಒಮ್ಮೆಗೇ ಅರಿಯುವಂತೆ ಮಾಡಿದ ಆಟವನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲಾಗದು. ನಾಳೆ ನಮ್ಮಲ್ಲಿ ಕೆಲವರು ಅಂತಹ ಕಿಟಕಿಯ ಈಚೆ ಕುಳಿತುಕೊಳ್ಳಬೇಕಾದವರೇ.