ಅಜ್ಜಯ್ಯನ ಟ್ರಂಕಿನ 11ನೇ ನಂಬರು

ಮಳೆಗಾಲ ಮುಗಿದು ಬಿಸಿಲು ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಅಟ್ಟದ ಮೇಲಿನ ಟ್ರಂಕು, ಪೆಟ್ಟಿಗೆಗಳನ್ನು ಇಳಿಸಿ, ಬಾಗಿಲು ತೆರೆದು ಅಂಗಳದಲ್ಲಿಡುವುದು. ಹಂಗಾರಕಟ್ಟೆಯಲ್ಲಿ, ಕೋಡಿಬೆಂಗ್ರೆಗೆ ದಾಟುವ ಬಾರ್ಜಿನ ಸದ್ದು ಕೇಳಿಸುವಷ್ಟು ಹತ್ತಿರದ ಒಂದು ಮನೆಯಲ್ಲಿ ಈ ಸಲ ಹಾಗೆ ಇಳಿಸಿದ ಟ್ರಂಕಿನ ತುಂಬ ಹಳೆಯ ಚಿತ್ರಕಥೆಗಳು. ಗುಜರಿಯವನಿಗೆ ಕೊಟ್ಟುಬಿಡುವುದೆಂದು ಮನೆಯವರ ತೀರ್ಮಾನ. ಅವನು ಬರುವುದು ಮರುದಿನ.

ಅಷ್ಟರಲ್ಲಿ ಏಳನೇ ತರಗತಿಯ ಮೊಮ್ಮಗಳ ಕೈಗೆ ಸಿಕ್ಕಿತು ಅಮರ ಚಿತ್ರ ಕಥೆಯ ‘ಕೃಷ್ಣ’. ಇಂಗ್ಲಿಷ್ ಪುಸ್ತಕ. ಮೇಲೆ ನಂಬರು 11. ಅದೇ ಪುಸ್ತಕವನ್ನು ಯಾರೋ ದೊಡ್ಡ ಬೆಲೆ ಹಾಕಿ ಮಾರಾಟಕ್ಕಿಟ್ಟದ್ದನ್ನು ಅವಳು ಅಪ್ಪನ ಮೊಬೈಲಿನಲ್ಲಿ ನೋಡಿದ್ದಳು.

“ಅಜ್ಜಯ್ಯ, ಇದಕ್ಕೆ ಸಾವಿರಗಟ್ಲೆ ದುಡ್ಡ್ ಸಿಕ್ಕತ್ತಂಬ್ರು!”

ಅಜ್ಜಯ್ಯ ಕನ್ನಡಕ ಹುಡುಕಿಕೊಂಡು ಬಂದರು. “ಹೆಸ್ರ್ ಒಂದೇ ಇದ್ರೆ ಆತಿಲ್ಲ ಮಗಾ. ಯಾವಾಗ ಅಚ್ಚಾದ್ದ್ ಅಂದ್ ಕಾಣ್ಕ್” ಎಂದರು.

ಹಳೆಯ ಚಿತ್ರಕಥೆಗಳ ಬೆಲೆಯ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ಕಥೆ ಒಂದೇ, ಚಿತ್ರ ಒಂದೇ, ಹೆಸರೂ ಒಂದೇ ಇರಬಹುದು. ಆದರೆ ಮೊದಲ ಸಲ ಅಚ್ಚಾದದ್ದು ಬೇರೆ, ಹತ್ತನೇ ಸಲ ಅಚ್ಚಾದದ್ದು ಬೇರೆ.

ಹನ್ನೊಂದರಿಂದ ಯಾಕೆ ಶುರು?

ಇಂಗ್ಲಿಷಿನ ‘ಕೃಷ್ಣ’ ಅಮರ ಚಿತ್ರ ಕಥೆಯ ಪೌರಾಣಿಕ ಮಾಲೆಯಲ್ಲಿ ಮೊದಲನೆಯದು. ಹಾಗಾದರೆ ಅದರ ನಂಬರು 1 ಆಗಬೇಕಿತ್ತಲ್ಲ, 11 ಯಾಕಾಯಿತು? ಉತ್ತರ ಕನ್ನಡದಲ್ಲಿದೆ ಮಕ್ಕಳೇ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಇದೇ ಹೆಸರಿನ ಮಾಲೆ ಕನ್ನಡದಲ್ಲಿ ಹೊರಬಂದಿತ್ತು. ಅದರಲ್ಲಿ ಇದ್ದದ್ದು ರಾಮ, ಕೃಷ್ಣರ ಕಥೆಯಲ್ಲ. ಸಿಂಡರೆಲ್ಲಾ, ಸ್ನೋವೈಟ್‌ನಂಥ ಪರದೇಶದ ಕಥೆಗಳು. 1ರಿಂದ 10ರವರೆಗಿನ ನಂಬರು ಅವುಗಳ ಪಾಲಾಯಿತು. ಇಂಗ್ಲಿಷಿನ ಎಣಿಕೆ ಹನ್ನೊಂದರಿಂದ ಮುಂದುವರಿಯಿತು.

ಆ ಮುಂದಿನ ಮಾಲೆಯ ಸಂಪಾದಕರು ಅನಂತ ಪೈ. ಲಕ್ಷಾಂತರ ಮಕ್ಕಳಿಗೆ ‘ಅಂಕಲ್ ಪೈ’ ಆದ ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಈಗ ನಮ್ಮದೇ ಉಡುಪಿ ಜಿಲ್ಲೆಗೆ ಸೇರಿದ ಕಾರ್ಕಳದಲ್ಲಿ. ಎರಡು ವರ್ಷ ತುಂಬುವಾಗಲೇ ತಂದೆತಾಯಿಯನ್ನು ಕಳೆದುಕೊಂಡ ಹುಡುಗ, ಹನ್ನೆರಡರ ಪ್ರಾಯದಲ್ಲಿ ಮುಂಬಯಿ ಸೇರಿದರು. 1967ರಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೇಳಲು ಬಾರದ್ದನ್ನು ಅವರು ಕಂಡರು. ನಮ್ಮ ಕಥೆಗಳನ್ನು ಚಿತ್ರದಲ್ಲಿ ಹೇಳಬೇಕೆಂದು ಹೊರಟರು. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಹಾಗೆ ಹುಟ್ಟಿದ ಪುಸ್ತಕ.

ಮೊದಮೊದಲು ಕೈಯಲ್ಲಿ ದುಡ್ಡು ಕಡಿಮೆ. ಒಳಪುಟಗಳಿಗೆ ಎಲ್ಲ ಬಣ್ಣ ಹಾಕಿಸಲು ಆಗುತ್ತಿರಲಿಲ್ಲ. ಹಾಗಾಗಿ ಆರಂಭದ ಪುಸ್ತಕಗಳ ಒಳಚಿತ್ರಗಳು ಹಳದಿ, ನೀಲಿ, ಹಸಿರಿನಲ್ಲೇ ಅಚ್ಚಾದವು. ಮಾರಾಟ ಏರಿದ ಮೇಲೆ ಪೂರ್ತಿ ಬಣ್ಣ ಬಂತು. ಮುಂದೆ ದಪ್ಪ ರಕ್ಷಾಪುಟದ ಡೀಲಕ್ಸ್ ಮುದ್ರಣಗಳು ಬಂದಾಗ ನಂಬರುಗಳೇ ಬದಲಾದವು. ಅದರಲ್ಲಿ ‘ಕೃಷ್ಣ’ನ ನಂಬರು 501. ಒಂದೇ ಕೃಷ್ಣನಿಗೆ ಇಷ್ಟು ವೇಷ!

ನಂಬರು ನೋಡಿ ಮೋಸ ಹೋಗಬೇಡಿ

ಹಾಗಾದರೆ 11 ಎಂದಿದ್ದರೆ ಮೊದಲ ಮುದ್ರಣವೇ ಎಂದು ಮೊಮ್ಮಗಳು ಕುಣಿದಳು. ಅಲ್ಲಿಯೇ ಎಡವುವುದು. ಡೀಲಕ್ಸ್ ಬರುವ ಮೊದಲು ಇದೇ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, 11ನೇ ನಂಬರಿನಲ್ಲೇ. ನಂಬರು ಪುಸ್ತಕದ ಹೆಸರಿದ್ದ ಹಾಗೆ. ಅದು ವಯಸ್ಸು ಹೇಳುವುದಿಲ್ಲ.

ಅಜ್ಜಯ್ಯ ಪುಸ್ತಕ ತಿರುಗಿಸಿ, ಮಾಲೆಯಲ್ಲಿ ಸಿಗುವ ಬೇರೆ ಪುಸ್ತಕಗಳ ಪಟ್ಟಿ ತೋರಿಸಿದರು. ಪಟ್ಟಿಯ ಕೊನೆಯ ನಂಬರು ಇನ್ನೂರನ್ನು ದಾಟಿತ್ತು. ಹನ್ನೊಂದನೆಯ ಪುಸ್ತಕ ಮೊದಲ ಸಲ ಅಚ್ಚಾಗುವಾಗ ಇನ್ನೂರನೆಯ ಪುಸ್ತಕ ಹುಟ್ಟಿರಲು ಸಾಧ್ಯವೇ? ಇಲ್ಲ. ಅಂದರೆ ಇದು ಎಷ್ಟೋ ವರ್ಷಗಳ ನಂತರದ ಮರುಮುದ್ರಣ. ಪ್ರಕಾಶಕರ ವಿಳಾಸದಲ್ಲಿ ಮುಂಬಯಿಯ ಆರಂಕಿಯ ಪಿನ್‌ಕೋಡ್ ಕೂಡ ಇತ್ತು. ಮೊಮ್ಮಗಳ ಮುಖ ಸಣ್ಣದಾಯಿತು.

ಈ ಉಪಾಯ ಲೋಕದ ಬೇರೆ ಕಡೆಯೂ ಇದೆ. ಅಮೆರಿಕದಲ್ಲಿ 1941ರಲ್ಲಿ ಆರಂಭವಾದ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಮಾಲೆಯ ಪುಸ್ತಕಗಳನ್ನು ಸಂಗ್ರಹಿಸುವವರು ಮೊದಲು ನೋಡುವುದು ಕಥೆಯನ್ನಲ್ಲ, ಹಿಂಬದಿಯ ಪಟ್ಟಿಯಲ್ಲಿರುವ ಅತಿ ದೊಡ್ಡ ನಂಬರನ್ನು.

ಐದು ಸೆಂಟಿನ ವ್ಯತ್ಯಾಸ

ಕೆಲವೊಮ್ಮೆ ಒಂದೇ ತಿಂಗಳಲ್ಲಿ ಅಚ್ಚಾದ ಪುಸ್ತಕದಲ್ಲೂ ವ್ಯತ್ಯಾಸ ಇರುತ್ತದೆ. 1977ರಲ್ಲಿ ಅಮೆರಿಕದ ಮಾರ್ವೆಲ್ ಸಂಸ್ಥೆ ‘ಸ್ಟಾರ್ ವಾರ್ಸ್’ ಚಿತ್ರಕಥೆಯ ಮೊದಲ ಸಂಚಿಕೆ ತಂದಿತು. ಬೆಲೆ 30 ಸೆಂಟ್. ಬೆಲೆ ಏರಿಸಿದರೆ ಜನ ಕೊಳ್ಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು, ಕೆಲವೇ ಊರುಗಳಿಗೆ ಕಳಿಸಿದ ಪ್ರತಿಗಳ ಮೇಲೆ 35 ಸೆಂಟ್ ಎಂದು ಅಚ್ಚು ಹಾಕಿಸಿದರು. ಒಳಗೆ ಒಂದಕ್ಷರವೂ ಬೇರೆಯಲ್ಲ. ಆದರೂ ಇಂದು ಆ 35 ಸೆಂಟಿನ ಪ್ರತಿಗೆ ಮಾಮೂಲಿ ಪ್ರತಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. ಅದು ಕಡಿಮೆ ಇದೆ, ಬೇಕೆನ್ನುವವರು ಹೆಚ್ಚಿದ್ದಾರೆ. ಆಮೇಲಿನ ಮರುಮುದ್ರಣದಲ್ಲೂ 35 ಸೆಂಟ್ ಎಂದು ಇರುವುದರಿಂದ, ಬಲ್ಲವರು ಅಂಕಿಯ ಜೊತೆಗೆ ಅದರ ಸುತ್ತಲಿನ ಚೌಕದ ಆಕಾರವನ್ನೂ ನೋಡುತ್ತಾರೆ.

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ‘ಆಕ್ಷನ್ ಕಾಮಿಕ್ಸ್’ 1ನೇ ಸಂಚಿಕೆಯ ಬೆಲೆ ಅಂದು 10 ಸೆಂಟ್. 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. 1974ರಲ್ಲಿ ಅದರದೇ ಮರುಮುದ್ರಣ ಬಂದಿತ್ತು, ಜಾಹೀರಾತುಗಳ ಸಮೇತ ಯಥಾವತ್ತಾಗಿ. ಮರುಮುದ್ರಣ ಎಂದು ತಿಳಿಸುವ ಹೊರಗಿನ ಹೊದಿಕೆಯನ್ನು ತೆಗೆದರೆ ಒಳಗೆ ಹಳೆಯ ರಕ್ಷಾಪುಟವೇ ಕಾಣುತ್ತದೆ! ಅದನ್ನು ಅಸಲಿ ಎಂದು ನಂಬಿದವರು ಇದ್ದಾರೆ. ಆದರೆ ಮರುಮುದ್ರಣ ಮೂಲಕ್ಕಿಂತ ಗಾತ್ರದಲ್ಲಿ ಬಹಳ ದೊಡ್ಡದು. ಸತ್ಯ ತಿಳಿಯಲು ಶಾಲೆಯ ಅಡಿಪಟ್ಟಿ ಸಾಕು.

ಹಾಗೆಂದು ಅಚ್ಚಿನ ಎಲ್ಲ ತಪ್ಪಿಗೂ ಬೆಲೆ ಬರುವುದಿಲ್ಲ. ಬಣ್ಣ ಗೆರೆಯಿಂದ ಆಚೆ ಸರಿದದ್ದು, ಪುಟ ವಾರೆಯಾಗಿ ಕತ್ತರಿಸಿದ್ದು ಆ ಕಾಲದ ಮುದ್ರಣದಲ್ಲಿ ಮಾಮೂಲು. ಹಲವರು ಗುರುತಿಸಿ, ಅದೇ ಬೇಕೆಂದು ಹುಡುಕುವ ವ್ಯತ್ಯಾಸಕ್ಕೆ ಮಾತ್ರ ಬೆಲೆ. ಇನ್ನೂ ಒಂದು ಮಾತು: ಮೊಬೈಲಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ. ಕೊಂಡವರು ಕೊಟ್ಟ ಬೆಲೆ ಬೇರೆಯೇ ಇರಬಹುದು. ಮೀನು ಮಾರುಕಟ್ಟೆಯಲ್ಲಿ ಮೊದಲು ಹೇಳಿದ ರೇಟಿಗೇ ಯಾರಾದರೂ ಕೊಳ್ಳುತ್ತಾರೆಯೇ?

ನಿಮ್ಮ ಮನೆಯ ಪುಸ್ತಕದ ಪ್ರಾಯ ಎಷ್ಟು?

ಮುದ್ರಣದ ವರ್ಷ ಕಾಣದ ಹಳೆಯ ಪುಸ್ತಕ ಸಿಕ್ಕರೆ ಅಜ್ಜ, ಅಜ್ಜಿಯ ಜೊತೆ ಕುಳಿತು ಈ ಗುರುತುಗಳನ್ನು ಹುಡುಕಿ.

• ಬೆಲೆ ‘ನಯಾ ಪೈಸೆ’ ಅಥವಾ ‘ನ.ಪೈ.’ ಎಂದಿದೆಯೇ? ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್‌ನಲ್ಲಿ ‘ನಯಾ’ ಹೋಗಿ ಬರೀ ಪೈಸೆ ಉಳಿಯಿತು.

• ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದೆಯೇ? ಅದು ಜಾರಿಯಾದದ್ದು 1972ರ ಆಗಸ್ಟ್ 15ಕ್ಕೆ. ಅಂಥ ಪುಸ್ತಕ ಅದಕ್ಕಿಂತ ಹಳೆಯದಲ್ಲ.

• ‘ಮೈಸೂರು ರಾಜ್ಯ’ ಎಂದಿದ್ದರೆ? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ.

• ಉಡುಪಿ, ಕುಂದಾಪುರಗಳ ಮುಂದೆ ‘ದಕ್ಷಿಣ ಕನ್ನಡ’ ಎಂದಿದೆಯೇ? ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

• ಹದಿಮೂರು ಅಂಕಿಯ ಐಎಸ್‌ಬಿಎನ್ ಸಂಖ್ಯೆ ಇದ್ದರೆ ಅದು ಈಚಿನ ಮುದ್ರಣ. ಹತ್ತಂಕಿಯಿಂದ ಹದಿಮೂರಕ್ಕೆ ಬದಲಾದದ್ದು 2007ರಲ್ಲಿ.

ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ಹೊಸ ಹೆಸರು ಬಂದ ಮೇಲೂ ಹಳೆಯ ವಿಳಾಸದ ಅಚ್ಚನ್ನೇ ಬಳಸಿದವರು ಇರುತ್ತಾರೆ. ಎರಡು, ಮೂರು ಗುರುತುಗಳು ಒಂದೇ ಕಾಲ ತೋರಿಸಿದರೆ ನಂಬಬಹುದು.

ರಕ್ಷಾಪುಟ ಹೋದರೆ ಹೋಯಿತು

ಗಮನಿಸಿದಿರಾ? ನಂಬರು, ಬೆಲೆ, ಪಟ್ಟಿ, ವಿಳಾಸ ಹೆಚ್ಚಾಗಿ ಇರುವುದು ರಕ್ಷಾಪುಟದ ಮೇಲೆ ಅಥವಾ ಅದರ ಒಳಬದಿಯಲ್ಲಿ. ಮೊದಲು ಹರಿದುಹೋಗುವುದೂ ಅದೇ. ನಮ್ಮ ಕಡಲ ಕರೆಯ ಗಾಳಿಯಲ್ಲಿ ಉಪ್ಪು, ತೇವ ಎರಡೂ ಇವೆ. ಪುಸ್ತಕದ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ರಕ್ಷಾಪುಟ ಕಳಚುತ್ತದೆ. ಜೊತೆಗೆ ಒರಲೆ ಬೇರೆ.

ಆದ್ದರಿಂದ ಬಿಸಿಲಿಗೆ ಇಡಬೇಕಾದ್ದು ಟ್ರಂಕನ್ನು. ಪುಸ್ತಕಗಳನ್ನು ನೆರಳಿನಲ್ಲಿ ಗಾಳಿಯಾಡುವಲ್ಲಿ ಹರಡಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಅಗ್ಗದ ಕಾಗದ ಇನ್ನಷ್ಟು ಹಳದಿಯಾಗುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷದಲ್ಲಿ ಅಂಟು ಕಂದಾಗಿ ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ. ಮಡಚದೆ, ಒಣಗಿದ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಟ್ಟರೆ ಅರ್ಧ ಕೆಲಸ ಆದಂತೆ.

ಹಂಗಾರಕಟ್ಟೆಯ ಮನೆಯಲ್ಲಿ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಟ್ರಂಕಿನ ತಳದಲ್ಲಿ ಇನ್ನೊಂದು ತೆಳು ಪುಸ್ತಕ ಇತ್ತು. ಕನ್ನಡದ ಸಿಂಡರೆಲ್ಲಾ ಕಥೆ, ಚಿತ್ರಗಳಲ್ಲಿ. ರಕ್ಷಾಪುಟ ಇಲ್ಲ. 1965ರ ಆ ಮೊದಲ ಹತ್ತರಲ್ಲಿ ಒಂದಿರಬಹುದೇ? ಬೇರೆ ಯಾವುದೋ ಪ್ರಕಾಶಕರದ್ದೇ? ಹೇಳಲು ನಂಬರೂ ಇಲ್ಲ, ಬೆಲೆಯೂ ಇಲ್ಲ. ಮೊದಲ ಪುಟದ ಮೂಲೆಯಲ್ಲಿ ಮಾತ್ರ ಅಜ್ಜಯ್ಯನ ಹೆಸರು, ಶಾಯಿಯಲ್ಲಿ, ಶಾಲೆಯ ದುಂಡಕ್ಷರದಲ್ಲಿ.

“ಇದರ ರಟ್ಟ್ ಎಲ್ಲಿಗ್ ಹೋಯ್ತ್ ಅಜ್ಜಯ್ಯ?”

ಅಜ್ಜಯ್ಯ ತಲೆ ಕೆರೆದುಕೊಂಡರು. ಆಗ ಪಠ್ಯಪುಸ್ತಕಕ್ಕೆ ಬೈಂಡು ಹಾಕಲು ಕಾಗದ ಎಲ್ಲಿತ್ತು? ಬಣ್ಣದ ಹಾಳೆ ಎಂದು ಆಸೆಪಟ್ಟು ಗಣಿತದ ಪುಸ್ತಕಕ್ಕೆ ಅದನ್ನೇ ಹಾಕಿದ್ದ ನೆನಪು ಅವರಿಗೆ. ಆ ಗಣಿತದ ಪುಸ್ತಕ ಅಟ್ಟದ ಇನ್ನೊಂದು ಪೆಟ್ಟಿಗೆಯಲ್ಲಿದ್ದರೂ ಇರಬಹುದು.

ಮರುದಿನ ಗುಜರಿಯವನು ಬಂದಾಗ ಮೊಮ್ಮಗಳು ಅಟ್ಟದ ಏಣಿಯ ಮೇಲಿದ್ದಳು. ಅಜ್ಜಯ್ಯ ಅವನಿಗೆ ಹಳೆಯ ಪೇಪರು, ಖಾಲಿ ಬಾಟಲಿ ಕೊಟ್ಟು ಕಳಿಸಿದರು. ಟ್ರಂಕು ಒಳಗೆ ಹೋಯಿತು. ಗಣಿತದ ಪುಸ್ತಕ ಇನ್ನೂ ಸಿಕ್ಕಿಲ್ಲ. ಅಟ್ಟದಲ್ಲಿ ಇನ್ನು ಎರಡು ಪೆಟ್ಟಿಗೆ ತೆರೆಯುವುದು ಬಾಕಿ ಇದೆ.